ಮಾಸು ಮಗುವಿನದು, ರಕ್ತ ತಾಯಿಯದು: ವಂಶದಲ್ಲಿ ಬಂದ ಕೊಲೆಸ್ಟ್ರಾಲ್ ಮತ್ತು ಬಸಿರು

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಊರು ದಾವಣಗೆರೆ. ಚೊಚ್ಚಲ ಬಸುರಿ, ಈಗ 18 ವಾರ. ನನ್ನ ಅಪ್ಪ 42ನೇ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಚಿಕ್ಕಪ್ಪನಿಗೆ 45ಕ್ಕೇ ಸ್ಟೆಂಟ್ ಹಾಕಿದರು. ನನಗೆ 26ನೇ ವಯಸ್ಸಿನಲ್ಲಿ ಎಲ್‌ಡಿಎಲ್ 248 ಇತ್ತು. ಇದು ವಂಶದಲ್ಲಿ ಬಂದ ಕೊಲೆಸ್ಟ್ರಾಲ್ ಎಂದು ಹೃದಯದ ಡಾಕ್ಟರ್ ಹೇಳಿ ರೋಸುವಾಸ್ಟಾಟಿನ್ ಕೊಟ್ಟಿದ್ದರು. ಬಸಿರು ಎಂದು ಗೊತ್ತಾಗುವಷ್ಟರಲ್ಲಿ 6 ವಾರ ಆಗಿತ್ತು. ಅಲ್ಲಿಯವರೆಗೂ ಮಾತ್ರೆ ನುಂಗಿದ್ದೆ, ಆಮೇಲೆ ನಿಲ್ಲಿಸಿದೆ. ಮೊನ್ನೆ ಪರೀಕ್ಷೆಯಲ್ಲಿ 291 ಬಂದಿದೆ. ‘ಕೊಬ್ಬು ಹೋಗಿ ಮಾಸಿನಲ್ಲಿ ಕಟ್ಟಿಕೊಳ್ಳುತ್ತೆ, ಮಗುವಿಗೆ ರಕ್ತ ಹೋಗಲ್ಲ’ ಎಂದು ಪಕ್ಕದ ಮನೆಯವರು ಹೇಳಿದ ಮೇಲೆ ನಿದ್ದೆಯೇ ಬರುತ್ತಿಲ್ಲ. ತುಪ್ಪ, ಎಣ್ಣೆ ಎಲ್ಲ ಬಿಟ್ಟಿದ್ದೇನೆ. ನಮ್ಮ ಯಜಮಾನರು ನನ್ನ ಸೋದರತ್ತೆಯ ಮಗ, ಅವರಿಗೆ ಯಾವ ಕಾಯಿಲೆಯೂ ಇಲ್ಲ. ಮಾಸಿಗೆ ನಿಜವಾಗಿ ಏನಾಗುತ್ತದೆ? ಮಾತ್ರೆಯಿಂದ ಮಗುವಿಗೆ ತೊಂದರೆ ಆಗಿರಬಹುದಾ?

ಉತ್ತರ: ಮೊದಲು ನಿಮಗೆ ನಿದ್ದೆ ಬರುವಂಥ ಮಾತು ಹೇಳುತ್ತೇನೆ. ವಿವರ ಆಮೇಲೆ.

ನಿಮ್ಮಂಥ ತಾಯಂದಿರಲ್ಲಿ ಹೆಚ್ಚಿನವರಿಗೆ ದಿನ ತುಂಬಿ, ಸರಿಯಾದ ತೂಕದ, ಆರೋಗ್ಯವಂತ ಮಕ್ಕಳು ಹುಟ್ಟುತ್ತಾರೆ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ನಾರ್ವೆ ದೇಶದಲ್ಲಿ ಪ್ರತಿ ಹೆರಿಗೆಯೂ ಸರ್ಕಾರಿ ದಾಖಲೆಗೆ ಸೇರುತ್ತದೆ. ವಂಶದ ಕೊಲೆಸ್ಟ್ರಾಲ್ ಇದೆ ಎಂದು ಪತ್ತೆಯಾದ ಸಾವಿರಕ್ಕೂ ಹೆಚ್ಚು ಹೆಂಗಸರ, 1967ರಿಂದ 2006ರವರೆಗಿನ ಎರಡು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಅಲ್ಲಿಯವರು ಈ ದಾಖಲೆಯಿಂದ ತೆಗೆದು ನೋಡಿದರು. ಅವಧಿಗೆ ಮುಂಚೆ ಹೆರಿಗೆ, ಕಡಿಮೆ ತೂಕ, ಹುಟ್ಟಿನಿಂದ ಬರುವ ಅಂಗದೋಷ, ಈ ಮೂರೂ ಉಳಿದ ತಾಯಂದಿರಿಗಿಂತ ಜಾಸ್ತಿ ಇರಲಿಲ್ಲ. 2011ರಲ್ಲಿ ಇದು ಪ್ರಕಟವಾಯಿತು. ಮಾಸು ಕೊಬ್ಬಿನಿಂದ ಮುಚ್ಚಿಹೋಗುವುದು ನಿಜವಾಗಿದ್ದರೆ, ಅಷ್ಟು ಹೆರಿಗೆಗಳ ಲೆಕ್ಕದಲ್ಲಿ ಅದು ಕಾಣದೇ ಇರುತ್ತಿರಲಿಲ್ಲ.

ಹಾಗಂತ ಮಾಸಿಗೆ ಏನೂ ಆಗುವುದಿಲ್ಲ ಎಂದೂ ನಾನು ಹೇಳುತ್ತಿಲ್ಲ. ಸೂಕ್ಷ್ಮವಾದ ಕೆಲವು ಬದಲಾವಣೆಗಳು ಆಗುತ್ತವೆ. ಅವನ್ನು ತಿಳಿಯಬೇಕಾದರೆ ನಿಮ್ಮ ಕಾಯಿಲೆ ಏನು, ಮಾಸು ಏನು ಎಂಬುದು ಸ್ವಲ್ಪ ಸ್ಪಷ್ಟವಾಗಬೇಕು.

ನಮ್ಮ ರಕ್ತದಲ್ಲಿ ಕೊಲೆಸ್ಟ್ರಾಲ್ ಒಂಟಿಯಾಗಿ ತೇಲುವುದಿಲ್ಲ. ಎಲ್‌ಡಿಎಲ್ ಎಂಬ ಸಣ್ಣ ಸಣ್ಣ ಗುಳಿಗೆಗಳ ಒಳಗೆ ಕೂತು ಓಡಾಡುತ್ತದೆ. ಈ ಗುಳಿಗೆಗಳನ್ನು ರಕ್ತದಿಂದ ಹಿಡಿದು ಒಳಗೆ ಎಳೆದುಕೊಳ್ಳಲು ಜೀವಕೋಶಗಳ ಮೈಮೇಲೆ ರಿಸೆಪ್ಟರ್ ಎಂಬ ಕೊಕ್ಕೆಗಳಿರುತ್ತವೆ. ಲಿವರ್‌ನಲ್ಲಂತೂ ಬಹಳ ಇರುತ್ತವೆ. ಈ ಕೊಕ್ಕೆಯನ್ನು ಕಂಡುಹಿಡಿದವರು ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. 1985ರಲ್ಲಿ ಅವರಿಗೆ ನೊಬೆಲ್ ಬಂತು. ಅವರು ಅಭ್ಯಾಸ ಮಾಡಿದ್ದು ನಿಮ್ಮ ಮನೆಯಲ್ಲಿರುವ ಇದೇ ಕಾಯಿಲೆಯನ್ನು.

ಕೊಕ್ಕೆ ಮಾಡುವ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಒಂದು ಕೆಟ್ಟಿದ್ದರೆ ಕೆಲಸ ಮಾಡುವ ಕೊಕ್ಕೆಗಳು ಅರ್ಧಕ್ಕೆ ಇಳಿಯುತ್ತವೆ. ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಹುಟ್ಟಿದಾಗಿನಿಂದಲೇ ಹೀಗೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ ಎಂದರೆ ಎಷ್ಟು ಸಾಮಾನ್ಯ ನೋಡಿ. ನೀವು ತಿಂದಿದ್ದರಿಂದ ಬಂದದ್ದಲ್ಲ, ಮೈ ದಪ್ಪ ಆಗಿದ್ದರಿಂದಲೂ ಅಲ್ಲ. ನಿಮ್ಮ ಅಪ್ಪ ಅಷ್ಟು ಬೇಗ ಹೋಗಿದ್ದು, ಚಿಕ್ಕಪ್ಪನಿಗೆ ಸ್ಟೆಂಟ್ ಬಿದ್ದಿದ್ದು, ಎರಡೂ ಅಪ್ಪನ ಕಡೆಯಿಂದ ಇದು ಇಳಿದು ಬಂದಿದೆ ಎನ್ನುವುದನ್ನೇ ತೋರಿಸುತ್ತವೆ.

ಇನ್ನು ಮಾಸು. ಪುಸ್ತಕದಲ್ಲಿ ಜರಾಯು ಎನ್ನುತ್ತಾರೆ. ನಾವು ಹೆರಿಗೆ ಕೋಣೆಯಲ್ಲಿ ಮಾಸು ಅಥವಾ ಕಸ ಎನ್ನುತ್ತೇವೆ. ಕಸ ಎಂಬ ಹೆಸರು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಒಂಬತ್ತು ತಿಂಗಳು ಅದು ಮಾಡುವ ಕೆಲಸ ನೋಡಿದವರು ಅದನ್ನು ಕಸ ಎನ್ನಲಾರರು. ದಿನ ತುಂಬುವ ಹೊತ್ತಿಗೆ ಅರ್ಧ ಕಿಲೋ ತೂಗುವ, ಊಟದ ತಟ್ಟೆಯಷ್ಟು ಅಗಲದ ಅಂಗ ಅದು. ಮಗುವಿಗೆ ಶ್ವಾಸಕೋಶ, ಕಿಡ್ನಿ, ಕರುಳು ಎಲ್ಲವೂ ಅದೇ.

ಎಷ್ಟೋ ಜನರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಮಾಸು ತಾಯಿಯ ಅಂಗವಲ್ಲ. ಅದು ಮಗುವಿನ ಅಂಗ. ಮಗು ಯಾವ ಮೊಟ್ಟೆಯಿಂದ ಬೆಳೆಯಿತೋ ಮಾಸೂ ಅದರಿಂದಲೇ ಬೆಳೆದದ್ದು. ಆದ್ದರಿಂದ ಅದರ ಜೀನ್‌ಗಳಲ್ಲಿ ಅರ್ಧ ನಿಮ್ಮವು, ಅರ್ಧ ನಿಮ್ಮ ಯಜಮಾನರವು. ಗರ್ಭಕೋಶದ ಗೋಡೆಯ ರಕ್ತನಾಳಗಳು ಮಾತ್ರ ನಿಮ್ಮವು. ಅವು ತಂದು ಸುರಿಯುವ ನಿಮ್ಮ ರಕ್ತದಲ್ಲಿ ಮಾಸಿನ ಎಳೆಗಳು, ಕೆರೆಯ ನೀರಿನಲ್ಲಿ ಬೇರು ಇಳಿಬಿದ್ದಂತೆ, ತೇಲುತ್ತಿರುತ್ತವೆ. ನಿಮ್ಮ ರಕ್ತ ಮಗುವಿನ ರಕ್ತಕ್ಕೆ ನೇರವಾಗಿ ಸೇರುವುದಿಲ್ಲ. ನಡುವೆ ಆ ಎಳೆಗಳ ಪದರ ಇದೆ.

ಅಂದರೆ ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆ ಇವೆ. ನಿಮ್ಮ ರಕ್ತದಲ್ಲಿ ಎಲ್‌ಡಿಎಲ್ ಜಾಸ್ತಿ ಇದ್ದರೆ ಮಾಸಿಗೆ ಏನಾಗುತ್ತದೆ ಎನ್ನುವುದು ಒಂದು. ಮಗು ಆ ಕೆಟ್ಟ ಜೀನನ್ನು ಪಡೆದಿದ್ದರೆ, ಅಂದರೆ ಮಾಸಿನದೇ ಕೊಕ್ಕೆಗಳು ಅರ್ಧ ಇದ್ದರೆ ಏನಾಗುತ್ತದೆ ಎನ್ನುವುದು ಇನ್ನೊಂದು. ಮಗು ನಿಮ್ಮಿಂದ ಕೆಟ್ಟ ಜೀನ್ ಪಡೆಯುವ ಸಾಧ್ಯತೆ ಅರ್ಧಕ್ಕರ್ಧ. ಪಡೆಯದಿದ್ದರೆ, ನಿಮಗೆ ಕಾಯಿಲೆ ಇದ್ದರೂ ನಿಮ್ಮೊಳಗಿನ ಮಾಸಿನ ಕೊಕ್ಕೆಗಳು ಪೂರ್ತಿ ಸರಿಯಾಗಿರುತ್ತವೆ.

ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಮಾಸಿಗೆ ಕೊಲೆಸ್ಟ್ರಾಲ್ ಶತ್ರು ಅಲ್ಲ. ಅದಕ್ಕೆ ಬೇಕೇ ಬೇಕಾದ ಸಾಮಗ್ರಿ ಅದು. ಬಸಿರು ನಿಲ್ಲಲು ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಬೇಕು. ಮೊದಲ ವಾರಗಳಲ್ಲಿ ಅದು ಅಂಡಾಶಯದಿಂದ ಬರುತ್ತದೆ. ಏಳರಿಂದ ಒಂಬತ್ತನೇ ವಾರದ ಸುಮಾರಿಗೆ ಮಾಸು ಆ ಕೆಲಸವನ್ನು ವಹಿಸಿಕೊಳ್ಳುತ್ತದೆ. ಕೊನೆಯ ತಿಂಗಳುಗಳಲ್ಲಿ ದಿನಕ್ಕೆ ಸುಮಾರು 250 ಮಿಲಿಗ್ರಾಂ ಪ್ರೊಜೆಸ್ಟರಾನ್ ತಯಾರಿಸುತ್ತದೆ. ಅದಕ್ಕೆ ಬೇಕಾದ ಕೊಲೆಸ್ಟ್ರಾಲ್‌ನಲ್ಲಿ ಹೆಚ್ಚಿನದನ್ನು ತಾನೇ ಮಾಡಿಕೊಳ್ಳುವುದಿಲ್ಲ, ನಿಮ್ಮ ರಕ್ತದ ಎಲ್‌ಡಿಎಲ್‌ನಿಂದ ತೆಗೆದುಕೊಳ್ಳುತ್ತದೆ. ಅದಕ್ಕೇ ಬಸುರಿಯರಲ್ಲಿ ಎಲ್ಲರಿಗೂ ಕೊಲೆಸ್ಟ್ರಾಲ್ ಏರುತ್ತದೆ. ದೇಹ ಬೇಕೆಂದೇ ಏರಿಸುತ್ತದೆ.

ಹಾಗಾದರೆ ಕೊಕ್ಕೆಗಳು ಅರ್ಧ ಇರುವ ಮಾಸಿಗೆ ಸಾಮಗ್ರಿ ಸಾಲದೇ ಹೋಗುವುದಿಲ್ಲವೇ? ಸಾಲದೇ ಹೋಗುವುದಿಲ್ಲ. ಮಾಸಿಗೆ ಬೇರೆ ದಾರಿಗಳೂ ಇವೆ. ಎಚ್‌ಡಿಎಲ್ ಎಂಬ ಇನ್ನೊಂದು ಬಗೆಯ ಗುಳಿಗೆಗಳಿಂದಲೂ ಕೊಲೆಸ್ಟ್ರಾಲ್ ಪಡೆಯುತ್ತದೆ, ಬೇರೆ ಜಾತಿಯ ಕೊಕ್ಕೆಗಳನ್ನೂ ಬಳಸುತ್ತದೆ, ಸ್ವಲ್ಪವನ್ನು ತಾನೂ ಮಾಡಿಕೊಳ್ಳುತ್ತದೆ. 1986ರಲ್ಲಿ ಒಂದು ಅಪರೂಪದ ಬಸಿರಿನ ವರದಿ ಬಂದಿತ್ತು. ಆ ತಾಯಿಯದು ನಿಮ್ಮ ಕಾಯಿಲೆಗೆ ತದ್ವಿರುದ್ಧವಾದದ್ದು. ಅವಳ ರಕ್ತದಲ್ಲಿ ಎಲ್‌ಡಿಎಲ್ ಇಲ್ಲವೆಂದೇ ಹೇಳಬೇಕು. ಪ್ರೊಜೆಸ್ಟರಾನ್ ಮಾಮೂಲಿಗಿಂತ ಕಡಿಮೆ ಇತ್ತು. ಆದರೂ ಬಸಿರು ನಿಂತಿತು, ಮಗು ಹುಟ್ಟಿತು. ಮಾಸು ಅಷ್ಟು ಗಟ್ಟಿ ಅಂಗ.

ಮಗುವಿಗೆ ಎಷ್ಟು ಕೊಲೆಸ್ಟ್ರಾಲ್ ದಾಟುತ್ತದೆ ಎಂಬುದೂ ಇಲ್ಲೇ ಬರುತ್ತದೆ. ಮಾಸು ಸ್ವಲ್ಪವನ್ನು ದಾಟಿಸುತ್ತದೆ, ಅದೂ ಮೊದಲ ತಿಂಗಳುಗಳಲ್ಲಿ ಹೆಚ್ಚು ಮುಖ್ಯ. ಆಮೇಲೆ ಮಗು ತನಗೆ ಬೇಕಾದ್ದನ್ನು ಬಹುಪಾಲು ತಾನೇ ಮಾಡಿಕೊಳ್ಳುತ್ತದೆ. ಹುಟ್ಟುವಾಗ ಹೊಕ್ಕುಳಬಳ್ಳಿಯ ರಕ್ತದಲ್ಲಿ ಒಟ್ಟು ಕೊಲೆಸ್ಟ್ರಾಲ್ ಸಾಮಾನ್ಯವಾಗಿ 60-70ರ ಆಸುಪಾಸಿನಲ್ಲಿರುತ್ತದೆ. ನಿಮ್ಮ 291 ಹಾಗೇ ಮಗುವಿನ ಮೈಗೆ ಇಳಿಯುತ್ತದೆ ಎಂದು ಅಂದುಕೊಂಡಿದ್ದರೆ ಆ ಭಯ ಬಿಡಿ.

ಈಗ ನಿಮ್ಮನ್ನು ಕಾಡುತ್ತಿರುವ ಮೊದಲನೆಯದು. ‘ಕೊಬ್ಬು ಕಟ್ಟಿಕೊಳ್ಳುತ್ತೆ’ ಎನ್ನುವ ಮಾತು ಎಲ್ಲಿಂದ ಬಂತು? ಪೂರ್ತಿ ಸುಳ್ಳಿನಿಂದ ಬಂದದ್ದಲ್ಲ. ಗರ್ಭಕೋಶದ ಗೋಡೆಯಲ್ಲಿ ನೂರಕ್ಕೂ ಹೆಚ್ಚು ಸುರುಳಿ ಸುರುಳಿಯಾದ ಸಣ್ಣ ರಕ್ತನಾಳಗಳಿವೆ. ಬಸಿರಾದ ಮೇಲೆ ಮಾಸಿನ ಕೋಶಗಳು ಗೋಡೆಯೊಳಗೆ ಇಳಿದು, ಈ ನಾಳಗಳ ಬಾಯಿಯನ್ನು ಅಗಲ ಮಾಡುತ್ತವೆ. ಸುಮಾರು 20 ವಾರದ ಹೊತ್ತಿಗೆ ಇದು ಬಹುಪಾಲು ಮುಗಿದಿರುತ್ತದೆ. ಕಿರಿದಾದ ಕಾಲುವೆ ಅಗಲವಾದಂತೆ. ದಿನ ತುಂಬಿದಾಗ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಮಾಸಿನ ಕಡೆ ಹರಿಯುತ್ತದೆ. ಈ ಅಗಲವಾಗುವ ಕೆಲಸ ಸರಿಯಾಗದಿದ್ದರೆ ಮುಂದೆ ಬಿಪಿ ಏರಬಹುದು, ಮಗುವಿನ ಬೆಳವಣಿಗೆ ಕುಂಠಿತವಾಗಬಹುದು. ಬಸುರಿಯರ ಬಿಪಿ ಕಾಯಿಲೆ, ಅಂದರೆ ಪ್ರಿಎಕ್ಲಾಂಪ್ಸಿಯಾ ಇರುವ ಕೆಲವರಲ್ಲಿ ಆ ಸುರುಳಿ ನಾಳಗಳ ಗೋಡೆಯಲ್ಲಿ ಕೊಬ್ಬು ತುಂಬಿದ ಕೋಶಗಳು ಕಾಣುತ್ತವೆ. ಹೃದಯದ ನಾಳಗಳಲ್ಲಿ ಕಾಣುವಂಥದ್ದೇ. ವೈದ್ಯರು ಇದನ್ನು 1940ರ ದಶಕದಿಂದಲೇ ಬಲ್ಲರು. ಪಕ್ಕದ ಮನೆಯವರು ಕೇಳಿಸಿಕೊಂಡಿದ್ದು ಇದರದೇ ಯಾವುದೋ ತುಣುಕು ಇರಬೇಕು. ಆದರೆ ಗಮನಿಸಿ: ಇದು ಕಾಣುವುದು ಮುಖ್ಯವಾಗಿ ಬಿಪಿ ಕಾಯಿಲೆ ಇರುವವರಲ್ಲಿ. ಅವರಲ್ಲಿ ಹೆಚ್ಚಿನವರಿಗೆ ವಂಶದ ಕೊಲೆಸ್ಟ್ರಾಲ್ ಇರುವುದೇ ಇಲ್ಲ.

ವಂಶದ ಕೊಲೆಸ್ಟ್ರಾಲ್ ಇರುವ ಬಸುರಿಯರಲ್ಲೇ ನೇರವಾಗಿ ನೋಡಿದವರು ನಾರ್ವೆಯ ಓಸ್ಲೋದ ವೈದ್ಯರು. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಗರ್ಭಕೋಶದ ರಕ್ತನಾಳದ ಬಿಗುವು ಅಳೆದರು. ಮಾಮೂಲಿ ಬಸಿರಿನಲ್ಲಿ ತಿಂಗಳು ತುಂಬುತ್ತಾ ಹೋದಂತೆ ಈ ಬಿಗುವು ಇಳಿಯುತ್ತದೆ. ಈ ತಾಯಂದಿರಲ್ಲಿ ಅಷ್ಟು ಇಳಿಯಲಿಲ್ಲ. 2009ರಲ್ಲಿ ಇದನ್ನು ಪ್ರಕಟಿಸಿದರು. ಅಂದರೆ ಕಾಲುವೆ ಮುಚ್ಚಿಲ್ಲ, ಆದರೆ ಸಡಿಲವಾಗಬೇಕಾದಷ್ಟು ಸಡಿಲವಾಗಿಲ್ಲ. ಚಿಲಿ ದೇಶದ ಸಂಶೋಧಕರು ಇನ್ನೊಂದು ತುದಿಯಿಂದ ನೋಡಿದರು. ವಂಶದ ಕಾಯಿಲೆ ಇರಲಿ ಬಿಡಲಿ, ಬಸಿರಿನಲ್ಲಿ ಒಟ್ಟು ಕೊಲೆಸ್ಟ್ರಾಲ್ 280 ದಾಟಿದ ತಾಯಂದಿರ ಮಾಸು ಮತ್ತು ಹೊಕ್ಕುಳಬಳ್ಳಿಯ ನಾಳಗಳನ್ನು ಹೆರಿಗೆಯಾದ ಮೇಲೆ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಟ್ಟು ನಾಳವನ್ನು ಸಡಿಲಗೊಳಿಸುತ್ತದೆ. ಆ ಕೆಲಸ ಇವರಲ್ಲಿ ಮಂದವಾಗಿತ್ತು.

ಇಟಲಿಯ ನೇಪಲ್ಸ್‌ನ ಒಂದು ಕೆಲಸವನ್ನೂ ಮುಚ್ಚಿಡುವುದಿಲ್ಲ. ನೀವು ಹುಡುಕಿದರೆ ಅದೇ ಮೊದಲು ಸಿಗುತ್ತದೆ, ಸಿಕ್ಕರೆ ಹೆದರುತ್ತೀರಿ. ಬಸಿರಿನಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದ್ದ ತಾಯಂದಿರ, ಬೇರೆ ಕಾರಣಕ್ಕೆ ತೀರಿಹೋದ ಭ್ರೂಣಗಳ ಮತ್ತು ಮಕ್ಕಳ ಮಹಾಧಮನಿಯನ್ನು ಅವರು ನೋಡಿದ್ದರು. ಅದರ ಗೋಡೆಯಲ್ಲಿ ಕೊಬ್ಬಿನ ತೆಳು ಗೆರೆಗಳು ಉಳಿದ ಮಕ್ಕಳಿಗಿಂತ ಜಾಸ್ತಿ ಇದ್ದವು. 1997 ಮತ್ತು 1999ರಲ್ಲಿ ಬಂದ ವರದಿಗಳು ಇವು. ಅಂಥ ಗೆರೆ ಅಂದರೆ ಹೃದ್ರೋಗ ಅಲ್ಲ. ಬೆಳೆಯುವ ವಯಸ್ಸಿನ ಬಹಳಷ್ಟು ಜನರ ಧಮನಿಯಲ್ಲಿ ಅವು ಇರುತ್ತವೆ, ಮಾಯವಾಗಲೂಬಹುದು. ನಾನು ಇದರಿಂದ ತೆಗೆದುಕೊಳ್ಳುವುದು ಇಷ್ಟೇ: ನಿಮ್ಮ ಮಗುವಿನ ರಕ್ತನಾಳಗಳ ಕಾಳಜಿ ಚಿಕ್ಕಂದಿನಿಂದಲೇ ಶುರುವಾಗಬೇಕು. ಬೀಡಿ ಸಿಗರೇಟಿನ ಹೊಗೆ ಆ ಮನೆಯಲ್ಲಿ ಇರಬಾರದು, ಮಗು ಓಡಾಡಿ ಆಡಬೇಕು, ರಕ್ತ ಪರೀಕ್ಷೆ ಸರಿಯಾದ ವಯಸ್ಸಿಗೆ ಆಗಬೇಕು.

ನಿಮ್ಮ ಪಾಲಿಗೆ ಇದೆಲ್ಲ ಸೇರಿ ಹೇಳುವುದೇನೆಂದರೆ, ರಕ್ತದ ಹರಿವಿನಲ್ಲಿ ಸಣ್ಣ ವ್ಯತ್ಯಾಸ ಇರಬಹುದು, ಮಾಸು ಅದನ್ನು ಹೆಚ್ಚಿನ ಸಲ ಸರಿದೂಗಿಸಿಕೊಳ್ಳುತ್ತದೆ. ಅದರ ಜೊತೆಗೆ ಬಿಪಿ, ಸಕ್ಕರೆ ಕಾಯಿಲೆ, ಹೊಗೆ, ವಿಪರೀತ ತೂಕ ಸೇರಿಕೊಂಡರೆ ಸರಿದೂಗಿಸುವುದು ಕಷ್ಟ. ನಾವು ಕಾಯಬೇಕಾದದ್ದು ಅವನ್ನು.

ಒಂದು ಮಾತು ಮಧ್ಯೆ ಹೇಳಿಬಿಡುತ್ತೇನೆ. ಹೆರಿಗೆಯಾದ ಮೇಲೆ ನಾವು ಮಾಸನ್ನು ತಿರುವಿ ಎರಡೂ ಮೈ ನೋಡುತ್ತೇವೆ, ಒಳಗೆ ತುಂಡು ಉಳಿದಿಲ್ಲ ತಾನೇ ಎಂದು. ಅದರ ಮೇಲೆ ಬಿಳಿ-ಹಳದಿ ಚುಕ್ಕೆಗಳು, ಮರಳಿನಂಥ ಗಟ್ಟಿ ಕಾಳುಗಳು ಇರುತ್ತವೆ. ಬಾಗಿಲಲ್ಲಿ ನಿಂತ ಅಜ್ಜಿಯರು ‘ನೋಡಿ, ಕೊಬ್ಬು’ ಎನ್ನುತ್ತಾರೆ. ಅದು ಕೊಬ್ಬಲ್ಲ, ಸುಣ್ಣದ ಅಂಶ. ಮಾಸು ಹಣ್ಣಾದಾಗ ಹಾಗಾಗುತ್ತದೆ. ಕೊನೆಯ ತಿಂಗಳ ಸ್ಕ್ಯಾನ್ ರಿಪೋರ್ಟಿನಲ್ಲಿ ‘ಗ್ರೇಡ್ 3 ಪ್ಲಸೆಂಟಾ’ ಎಂದು ಬರೆದಿದ್ದರೂ ಅದಕ್ಕೂ ನಿಮ್ಮ ಎಲ್‌ಡಿಎಲ್‌ಗೂ ಸಂಬಂಧ ಹಚ್ಚಬೇಡಿ.

ಮಾತ್ರೆಯ ವಿಷಯ. 6 ವಾರದವರೆಗೆ ನುಂಗಿದ್ದಕ್ಕೆ ನೀವು ತಪ್ಪಿತಸ್ಥ ಭಾವ ಇಟ್ಟುಕೊಳ್ಳಬೇಡಿ. ನಿಮ್ಮ ರೋಸುವಾಸ್ಟಾಟಿನ್ ಸ್ಟಾಟಿನ್ ಎಂಬ ಜಾತಿಯ ಮಾತ್ರೆ. ಸ್ಟಾಟಿನ್ ಬಂದ ಹೊಸದರಲ್ಲಿ, ಮಗುವಿಗೆ ಕೊಲೆಸ್ಟ್ರಾಲ್ ಬೇಕು, ಆದ್ದರಿಂದ ಇದು ಅಪಾಯ ಎಂಬ ತರ್ಕದ ಮೇಲೆ ಬಸುರಿಯರಿಗೆ ಪೂರ್ತಿ ನಿಷೇಧಿಸಿದ್ದರು. ಆಮೇಲೆ ನಿಜವಾದ ಲೆಕ್ಕ ಬಂತು. 2015ರಲ್ಲಿ ಅಮೆರಿಕದಲ್ಲಿ ಸುಮಾರು 8.87 ಲಕ್ಷ ಬಸಿರುಗಳ ದಾಖಲೆ ನೋಡಿದರು. ಅದರಲ್ಲಿ 1,152 ತಾಯಂದಿರು ಮೊದಲ ಮೂರು ತಿಂಗಳಲ್ಲಿ ಸ್ಟಾಟಿನ್ ತೆಗೆದುಕೊಂಡಿದ್ದರು. ಸಕ್ಕರೆ ಕಾಯಿಲೆಯಂಥ ಬೇರೆ ಕಾರಣಗಳನ್ನು ಲೆಕ್ಕ ಹಾಕಿದ ಮೇಲೆ, ಸ್ಟಾಟಿನ್‌ನಿಂದ ಅಂಗದೋಷ ಹೆಚ್ಚಾಗಿದ್ದು ಕಾಣಲಿಲ್ಲ. 2021ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆ ಕಡುನಿಷೇಧದ ಎಚ್ಚರಿಕೆಯನ್ನು ತೆಗೆಸಿತು. ಗೊತ್ತಿಲ್ಲದೆ ತೆಗೆದುಕೊಂಡಿದ್ದರಿಂದ ಮಗುವಿಗೆ ಹಾನಿಯಾಗುವ ಸಂಭವ ಕಡಿಮೆ ಎಂದೂ ಹೇಳಿತು. ಬಸಿರು ಗೊತ್ತಾದ ಕೂಡಲೇ ನಿಲ್ಲಿಸುವುದೇ ಹೆಚ್ಚಿನವರಿಗೆ ಸರಿ ಎಂಬುದು ಈಗಲೂ ಇದೆ. ನೀವು ಮಾಡಿದ್ದೂ ಅದನ್ನೇ. 18ರಿಂದ 20 ವಾರದ ಅಂಗಾಂಗ ಸ್ಕ್ಯಾನ್ ಎಲ್ಲರಿಗೂ ಮಾಡುವಂಥದ್ದು, ಅದನ್ನು ತಪ್ಪಿಸಬೇಡಿ, ಅಷ್ಟೇ. ಸುಮ್ನೆ ವಿಶೇಷ ಪರೀಕ್ಷೆಗಳ ಹಿಂದೆ ಓಡಬೇಡಿ.

ಈಗ ಮತ್ತೆ ಮಾತ್ರೆ ಬೇಕೇ? ನಿಮಗೆ ಬೇಡ. ಮೂರು ವರ್ಷ ಚೆನ್ನಾಗಿ ಚಿಕಿತ್ಸೆ ತೆಗೆದುಕೊಂಡಿದ್ದೀರಿ, ಒಂದೆರಡು ವರ್ಷದ ಬಿಡುವನ್ನು ನಿಮ್ಮ ಹೃದಯ ತಡೆದುಕೊಳ್ಳುತ್ತದೆ. ಈಗಾಗಲೇ ಹೃದ್ರೋಗ ಇರುವವರ, ಅಥವಾ ಎರಡೂ ಜೀನ್ ಕೆಟ್ಟಿರುವವರ ಕಥೆ ಬೇರೆ. ಅವರಿಗೆ ಕೊಲೆಸ್ಟೈರಮಿನ್ ಎಂಬ ಪುಡಿ ಕೊಡಬಹುದು. ಅದು ಕರುಳಿನಲ್ಲೇ ಉಳಿಯುತ್ತದೆ, ರಕ್ತಕ್ಕೆ ಸೇರುವುದಿಲ್ಲ. ಅದರಿಂದ ಕೆ ವಿಟಮಿನ್‌ನಂಥವು ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ತೀರಾ ಗಂಭೀರವಾದವರಿಗೆ ಡಯಾಲಿಸಿಸ್ ಥರ ರಕ್ತದಿಂದ ಎಲ್‌ಡಿಎಲ್ ಸೋಸಿ ತೆಗೆಯುತ್ತಾರೆ, ಕೆಲವರಲ್ಲಿ ಸ್ಟಾಟಿನ್‌ನ್ನೇ ಮುಂದುವರಿಸುತ್ತಾರೆ. ಇವೆಲ್ಲ ಹೃದಯದ ಡಾಕ್ಟರ್ ಮತ್ತು ಹೆರಿಗೆ ಡಾಕ್ಟರ್ ಕೂತು ತೀರ್ಮಾನಿಸುವಂಥವು.

291 ಎಂಬ ಅಂಕಿಗೆ ಬರೋಣ. ಯಾರಿಗೇ ಆಗಲಿ ಬಸಿರಿನಲ್ಲಿ ಎಲ್‌ಡಿಎಲ್ ಮೂರನೇ ಒಂದರಿಂದ ಅರ್ಧದಷ್ಟು ಏರಬಹುದು, ಟ್ರೈಗ್ಲಿಸರೈಡ್ ಎಂಬ ರಕ್ತದ ಇನ್ನೊಂದು ಬಗೆಯ ಕೊಬ್ಬು ಎರಡು ಮೂರು ಪಟ್ಟು ಆಗಬಹುದು. ನಿಮ್ಮದು 248ರಿಂದ ಹೊರಟಿದೆ. ಎಂಟನೇ ತಿಂಗಳಲ್ಲಿ ನೋಡಿದರೆ ಇನ್ನೂ ಮೇಲೆ ಇರುತ್ತದೆ, ನೋಡಿ ಮಾಡುವುದಾದರೂ ಏನು? ಲ್ಯಾಬ್‌ನವರು ಕೆಂಪು ಶಾಯಿಯಲ್ಲಿ ಹೊಡೆದುಕೊಡುತ್ತಾರೆ, ನೀವು ಮತ್ತೆ ನಿದ್ದೆಗೆಡುತ್ತೀರಿ. ಡಾಕ್ಟರ್ ಕಾರಣ ಹೇಳಿ ಬರೆದುಕೊಟ್ಟರೆ ಮಾತ್ರ ಮಾಡಿಸಿ. ಮೊನ್ನೆಯ ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ ಎಷ್ಟಿದೆ ಎಂದು ಮಾತ್ರ ತೋರಿಸಿ. ಅದು 1,000ದ ಹತ್ತಿರ ಹೋದರೆ ಪ್ಯಾಂಕ್ರಿಯಾಸ್‌ಗೆ ಅಪಾಯ, ಅದು ಬೇರೆಯದೇ ತೊಂದರೆ.

ತುಪ್ಪ, ಎಣ್ಣೆ ಪೂರ್ತಿ ಬಿಟ್ಟಿದ್ದೇನೆ ಎಂದಿರಿ. ದಯವಿಟ್ಟು ಹಾಗೆ ಮಾಡಬೇಡಿ. ಮಗುವಿನ ಮಿದುಳು ಕಟ್ಟಲು ಒಳ್ಳೆಯ ಕೊಬ್ಬು ಬೇಕು. ಮೂರು-ನಾಲ್ಕು ಚಮಚ ಎಣ್ಣೆ ದಿನಕ್ಕೆ ಇರಲಿ. ಅನ್ನದ ಮೇಲೆ ಒಂದು ಸಣ್ಣ ಚಮಚ ತುಪ್ಪಕ್ಕೆ ಹೆದರಬೇಕಿಲ್ಲ. ಬಿಡಬೇಕಾದದ್ದು ಡಾಲ್ಡಾ, ಬೇಕರಿಯ ಪಫ್ಸು, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಮಿರ್ಚಿ. (ದಾವಣಗೆರೆಯವರಿಗೆ ಮಂಡಕ್ಕಿ-ಮಿರ್ಚಿ ಬಿಡಿ ಎನ್ನುವುದು ಎಷ್ಟು ಕಷ್ಟದ ಮಾತು ಎಂದು ಗೊತ್ತು. ಮಂಡಕ್ಕಿ ಇರಲಿ, ಮಿರ್ಚಿ ಯಾವಾಗಲೋ ಒಮ್ಮೆ ಸಾಕು.) ರಾಗಿ, ಜೋಳದ ರೊಟ್ಟಿ, ಹೆಸರುಕಾಳು, ಸೊಪ್ಪು, ಒಂದು ಹಿಡಿ ಶೇಂಗಾ, ತಿನ್ನುವವರಾದರೆ ಮೀನು, ಇವು ಒಳ್ಳೆಯವು. ಊಟದಿಂದ ನಿಮ್ಮ ಎಲ್‌ಡಿಎಲ್ ಹೆಚ್ಚೆಂದರೆ ನೂರಕ್ಕೆ ಹತ್ತು ಹದಿನೈದು ಇಳಿದೀತು. ಆದರೂ ಇದಕ್ಕೆ ಬೆಲೆ ಇದೆ ಎಂದು ನಾನು ನಂಬಲು ಕಾರಣವಿದೆ. ಓಸ್ಲೋದಲ್ಲಿ 290 ಆರೋಗ್ಯವಂತ ಬಸುರಿಯರಲ್ಲಿ ಅರ್ಧ ಜನಕ್ಕೆ ಮೀನು, ಕಾಳು, ತರಕಾರಿ, ಒಳ್ಳೆಯ ಎಣ್ಣೆಯ ಇಂಥ ಊಟ ಕೊಟ್ಟು ನೋಡಿದರು. ಅವಧಿಗೆ ಮುಂಚಿನ ಹೆರಿಗೆ ಆ ಗುಂಪಿನಲ್ಲಿ 141ರಲ್ಲಿ 1, ಎಂದಿನ ಊಟದ ಗುಂಪಿನಲ್ಲಿ 149ರಲ್ಲಿ 11. ಚಿಕ್ಕ ಪ್ರಯೋಗ, ವಂಶದ ಕೊಲೆಸ್ಟ್ರಾಲ್ ಇಲ್ಲದವರ ಮೇಲೆ ಮಾಡಿದ್ದು. ಆದರೂ ಇಂಥ ಊಟದಿಂದ ನಷ್ಟವಂತೂ ಇಲ್ಲ ಅಲ್ವಾ?

ಮುಂದಿನ ತಿಂಗಳುಗಳಲ್ಲಿ ಪ್ರತಿ ಭೇಟಿಯಲ್ಲೂ ಬಿಪಿ ಮತ್ತು ಮೂತ್ರದ ಪ್ರೋಟೀನ್ ನೋಡಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ. ಸ್ಕ್ಯಾನ್ ಮಾಡುವವರಿಗೆ ಗರ್ಭಕೋಶದ ನಾಳದ ಡಾಪ್ಲರ್ ಕೂಡ ನೋಡಿ ಎಂದು ನಿಮ್ಮ ಡಾಕ್ಟರ್ ಬರೆದುಕೊಡಲಿ. 28 ವಾರದ ಮೇಲೆ ಬೆಳವಣಿಗೆಯ ಸ್ಕ್ಯಾನ್ ಒಂದೆರಡು ಆಗಲಿ. ಕಡಿಮೆ ಡೋಸಿನ ಆಸ್ಪಿರಿನ್ ಬಗ್ಗೆ ಈ ವಾರವೇ ಕೇಳಿ. ವಂಶದ ಕೊಲೆಸ್ಟ್ರಾಲ್ ಒಂದೇ ಇದ್ದರೆ ಕೊಡಲೇಬೇಕೆಂದಿಲ್ಲ. ಚೊಚ್ಚಲ ಬಸಿರಿನ ಜೊತೆ, ನಿಮ್ಮ ಅಮ್ಮನಿಗೋ ಅಕ್ಕನಿಗೋ ಬಸಿರಿನಲ್ಲಿ ಬಿಪಿ ಇದ್ದದ್ದು, ತೂಕ ಹೆಚ್ಚಿರುವುದು, ಇಂಥವು ಸೇರಿದರೆ ಕೊಡುತ್ತಾರೆ. 16 ವಾರದೊಳಗೆ ಶುರುವಾದರೆ ಹೆಚ್ಚು ಒಳ್ಳೆಯದು, ಈಗ ಕೇಳಿದರೂ ತಡವಲ್ಲ. ಒಂದು ಇಸಿಜಿ, ಎಕೋ ಆಗಿರದಿದ್ದರೆ ಮಾಡಿಸಿ. ನಿಮ್ಮ ಅಪ್ಪನ ವಯಸ್ಸು ನೋಡಿ ಹೇಳುತ್ತಿದ್ದೇನೆ. ಎದೆ ಹಿಡಿದಂತಾಗುವುದು, ಮೆಟ್ಟಿಲು ಹತ್ತುವಾಗ ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ತಡೆಯದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ಮಗುವಿನ ಓಡಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಬಸುರಿಯ ಎದೆನೋವನ್ನು ಗ್ಯಾಸ್ ಎಂದು ಯಾರಾದರೂ ತಳ್ಳಿಹಾಕಿದರೆ, ‘ನಮ್ಮಪ್ಪ 42ಕ್ಕೆ ಹಾರ್ಟ್ ಅಟ್ಯಾಕ್‌ನಲ್ಲಿ ಹೋದರು’ ಎಂದು ಗಟ್ಟಿಯಾಗಿ ಹೇಳಿ.

ಇನ್ನು ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು. 291 ಅಲ್ಲ, ಮಾತ್ರೆಯೂ ಅಲ್ಲ. ‘ಯಜಮಾನರು ನನ್ನ ಸೋದರತ್ತೆಯ ಮಗ, ಅವರಿಗೆ ಯಾವ ಕಾಯಿಲೆಯೂ ಇಲ್ಲ.’

ಮಾಸಿನ ಅರ್ಧ ಜೀನ್ ಅವರದು ಎಂದೆನಲ್ಲ. ನಿಮ್ಮ ಅಪ್ಪನಿಗೆ ಈ ಜೀನ್ ಇತ್ತೆಂದರೆ, ಅವರ ಅಕ್ಕನಿಗೋ ತಂಗಿಗೋ, ಅಂದರೆ ನಿಮ್ಮ ಅತ್ತೆಗೆ ಇರುವ ಸಾಧ್ಯತೆ ಎರಡರಲ್ಲಿ ಒಂದು. ಅವರಿಂದ ನಿಮ್ಮ ಯಜಮಾನರಿಗೆ ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಬ್ಬರಿಗೂ ಇದ್ದರೆ, ಮಗುವಿಗೆ ಎರಡೂ ಕೆಟ್ಟ ಜೀನ್ ಸಿಗುವ ಸಾಧ್ಯತೆ ಮತ್ತೆ ನಾಲ್ಕರಲ್ಲಿ ಒಂದು. ಒಟ್ಟು ಲೆಕ್ಕ ಹಾಕಿದರೆ ಇವತ್ತಿನ ಮಟ್ಟಿಗೆ 16ರಲ್ಲಿ 1. ಸಂಬಂಧವಿಲ್ಲದವರನ್ನು ಮದುವೆಯಾಗಿದ್ದರೆ ಅದು ಸಾವಿರದಲ್ಲಿ 1ರಷ್ಟು ಇರುತ್ತಿತ್ತು. ನಮ್ಮ ಕಡೆ ಅತ್ತೆ ಮಗನನ್ನೋ ಸೋದರಮಾವನನ್ನೋ ಮದುವೆಯಾಗುವುದು ಹಳೆಯ ಪದ್ಧತಿ. ಅದನ್ನು ಆಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಆಗಿರುವ ಮದುವೆಯಲ್ಲಿ ಮಗುವಿಗೆ ಒಳ್ಳೆಯದಾಗಲು ಏನು ಮಾಡಬೇಕೋ ಅದನ್ನು ಹೇಳುತ್ತಿದ್ದೇನೆ.

‘ಯಾವ ಕಾಯಿಲೆಯೂ ಇಲ್ಲ’ ಎಂದರೆ ಪರೀಕ್ಷೆ ಮಾಡಿಸಿದ್ದಾರಾ, ಅಥವಾ ಆರಾಮಾಗಿ ಓಡಾಡುತ್ತಿದ್ದಾರೆ ಎಂದಾ? ಈ ಕಾಯಿಲೆಗೆ ನೋವಿಲ್ಲ. ನಿಮ್ಮ ಅಪ್ಪನೂ ಆ ದಿನದವರೆಗೆ ಆರಾಮಾಗಿಯೇ ಓಡಾಡಿಕೊಂಡಿದ್ದಿರಬೇಕು. ಚಿಕಿತ್ಸೆ ಇಲ್ಲದ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ 50 ತುಂಬುವುದರೊಳಗೆ ಹೃದಯದ ತೊಂದರೆ ಕಾಣಿಸಿಕೊಳ್ಳುತ್ತದೆ. ಅವರ ಹಿಮ್ಮಡಿಯ ಮೇಲಿನ ನರ ದಪ್ಪಗಾಗಿದೆಯಾ, ಕೈಗೆಣ್ಣಿನ ಮೇಲೆ ಗಂಟು ಇದೆಯಾ, ಕಣ್ಣಿನ ಕರಿಗುಡ್ಡೆಯ ಸುತ್ತ ಬಿಳಿ ಬಳೆ ಇದೆಯಾ ನೋಡಿ. ಇವು ಇಲ್ಲದಿದ್ದರೂ ಈ ವಾರ ಲಿಪಿಡ್ ಪರೀಕ್ಷೆ, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ ಮಾಡಿಸಿ. ಅತ್ತೆಯವರಿಗೂ ಮಾಡಿಸಿ. ಕೆಲವು ನೂರು ರೂಪಾಯಿಯ ಪರೀಕ್ಷೆ. ಅವರ ಎಲ್‌ಡಿಎಲ್ ಮಾಮೂಲಾಗಿದ್ದರೆ ಆ 16ರಲ್ಲಿ 1ರ ಭಯ ಬಹುತೇಕ ಅಲ್ಲಿಗೇ ಮುಗಿಯಿತು.

190ಕ್ಕಿಂತ ಮೇಲೆ ಬಂದರೆ ಇಬ್ಬರೂ ಜೆನೆಟಿಕ್ಸ್ ತಜ್ಞರನ್ನು ನೋಡಿ. ಆಗಲೂ ಈ ಬಸಿರಿನ ಬಗ್ಗೆ ಗಾಬರಿ ಬೇಡ. ಎರಡೂ ಜೀನ್ ಕೆಟ್ಟ ಮಕ್ಕಳನ್ನೂ ಮಾಸು ಹೊತ್ತು ಬೆಳೆಸುತ್ತದೆ, ಅವರು ಹುಟ್ಟುವಾಗ ನೋಡಲು ಆರೋಗ್ಯವಾಗಿಯೇ ಇರುತ್ತಾರೆ. ಅವರ ತೊಂದರೆ ಶುರುವಾಗುವುದು ಹುಟ್ಟಿದ ಮೇಲೆ. ಎಲ್‌ಡಿಎಲ್ 400-500 ದಾಟಿ, ಚಿಕ್ಕ ವಯಸ್ಸಿನಲ್ಲೇ ಚರ್ಮದ ಮೇಲೆ ಹಳದಿ ಗಂಟು ಬರುತ್ತವೆ, ಹೃದಯದ ಕವಾಟಕ್ಕೆ ಪೆಟ್ಟು ಬೀಳುತ್ತದೆ. ಮೊದಲೇ ಗೊತ್ತಿದ್ದರೆ ಚಿಕಿತ್ಸೆಯನ್ನು ಬಹಳ ಬೇಗ ಶುರು ಮಾಡಬಹುದು. ಅದಕ್ಕಾಗಿಯೇ ಈಗಲೇ ಕೇಳುತ್ತಿದ್ದೇನೆ.

ಯಜಮಾನರ ರಿಪೋರ್ಟ್ ಸರಿ ಇದ್ದರೆ ಮಗುವಿನ ಪರೀಕ್ಷೆಗೆ ಅವಸರವಿಲ್ಲ. ಹೊಕ್ಕುಳಬಳ್ಳಿಯ ರಕ್ತದಲ್ಲಿ ನೋಡಿದರೆ ಸ್ಪಷ್ಟವಾಗಿ ಗೊತ್ತಾಗುವುದಿಲ್ಲ. ಎರಡು ವರ್ಷ ತುಂಬಿದ ಮೇಲೆ ಒಂದು ಲಿಪಿಡ್ ಪರೀಕ್ಷೆ ಸಾಕು. ಆ ಮಗುವಿಗೆ ಇದ್ದರೂ ಎಂಟು-ಹತ್ತು ವರ್ಷದ ಸುಮಾರಿಗೆ ಮಾತ್ರೆ ಶುರು ಮಾಡಿದರೆ ತಾತನ ದಾರಿ ಹಿಡಿಯದಂತೆ ತಡೆಯಬಹುದು. ನೀವು ಬಾಣಂತನದಲ್ಲಿ ಎದೆಹಾಲು ಕುಡಿಸಿ. ಕುಡಿಸುವಷ್ಟು ದಿನ ಸ್ಟಾಟಿನ್ ಬೇಡ. ಎಷ್ಟು ತಿಂಗಳು ಎಂಬುದನ್ನು ಹೃದಯದ ಡಾಕ್ಟರ್ ಹತ್ತಿರ ಮೊದಲೇ ಮಾತಾಡಿಕೊಂಡು, ಮಾತ್ರೆ ಮತ್ತೆ ಶುರು ಮಾಡುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಮಗುವಿನ ಗಡಿಬಿಡಿಯಲ್ಲಿ ತಾಯಂದಿರು ಮರೆಯುವುದು ಇದನ್ನೇ. ಅಂಟಿನುಂಡೆಯನ್ನು ಅತ್ತೆ ಕೊಬ್ಬರಿ, ತುಪ್ಪ ಸುರಿದು ಮಾಡಿದರೆ ದಿನಕ್ಕೆ ಒಂದು ಚಿಕ್ಕದು ತಿನ್ನಿ, ಬೇಜಾರು ಮಾಡಬೇಡಿ. ಅತ್ತೆಯವರ ಲಿಪಿಡ್ ರಿಪೋರ್ಟ್ ಬಂದ ಮೇಲೆ ಅವರೂ ಎಷ್ಟು ತಿನ್ನಬಹುದು ಎಂದು ಹೇಳುತ್ತೇನೆ. ಮೂವರ ರಿಪೋರ್ಟನ್ನೂ ಒಟ್ಟಿಗೆ ಬರೆದು ಕಳಿಸಿ.